ಡಾಕ್ಟರಿಗೆ ಹೇಳದ ಗುಳಿಗೆ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ಅರವತ್ತು ದಾಟಿದವರಿರುವ ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ಶುಗರ್ ಮಾತ್ರೆ, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ. ಪಕ್ಕದಲ್ಲೇ ಬಿಳಿ ಗುಂಡು ಗುಳಿಗೆಗಳ ಪುಟ್ಟ ಬಾಟಲಿಗಳು, ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ 1, 2, 3. ಅಡುಗೆಮನೆಯಲ್ಲಿ ರಾತ್ರಿ ನೆನೆಹಾಕಿದ ಮೆಂತ್ಯ, ಗ್ರಂಧಿಗೆ ಅಂಗಡಿಯಿಂದ ತಂದ ನೇರಳೆ ಬೀಜದ ಪುಡಿ. ಕಾಂಪೌಂಡಿನ ಅಂಚಿಗೆ ಇನ್ಸುಲಿನ್ ಗಿಡ, ಗೇಟಿಗೆ ಹಬ್ಬಿಸಿದ ಅಮೃತಬಳ್ಳಿ. ಇಷ್ಟೂ ಹೋಗುವುದು ಒಂದೇ ದೇಹಕ್ಕೆ. ಇಷ್ಟನ್ನೂ ಬಲ್ಲ ಡಾಕ್ಟರು ಮಾತ್ರ ಒಬ್ಬರೂ ಇರುವುದಿಲ್ಲ.

ನರ್ಸಿಂಗ್ ಹೋಮಿನಲ್ಲಿ ಫಿಸಿಶಿಯನ್ ಕೇಳುತ್ತಾರೆ, ‘ಬೇರೆ ಏನಾದ್ರೂ ತಗೋತಿದ್ದೀರಾ ಅಮ್ಮಾ?’ ‘ಇಲ್ಲ ಡಾಕ್ಟ್ರೇ, ನೀವು ಕೊಟ್ಟಿದ್ದೇ.’ ಅದೇ ವಾರ ಹೋಮಿಯೋಪತಿ ಕ್ಲಿನಿಕ್ಕಿನಲ್ಲಿ ಅದೇ ಅಮ್ಮ ಹೇಳುತ್ತಾರೆ, ‘ಇಂಗ್ಲಿಷ್ ಮಾತ್ರೆ ಆದಷ್ಟೂ ಕಮ್ಮಿ ಮಾಡಿದ್ದೀನಿ ಸಾರ್.’ ಗೊತ್ತಾದರೆ ಬಯ್ಯುತ್ತಾರೆಂಬ ಭಯ ಎರಡೂ ಕಡೆ. ಹೋಮಿಯೋಪತಿ ನಿಜವೋ ಸುಳ್ಳೋ ಎಂಬ ಜಗಳ ಇನ್ನೂರು ವರ್ಷದಿಂದ ನಡೆದಿದೆ, ಆ ಬಗ್ಗೆ ನನಗೂ ಖಚಿತ ಅಭಿಪ್ರಾಯವಿದೆ. ಆದರೆ ದೀರ್ಘಕಾಲದ ಕಾಯಿಲೆ ಹೊತ್ತವರ ವಿಷಯದಲ್ಲಿ ಆ ಜಗಳಕ್ಕಿಂತ ಹೆಚ್ಚಿನ ಕೇಡು ಮಾಡುತ್ತಿರುವುದು ಈ ಮುಚ್ಚಿಡುವಿಕೆ.

ಈ ಭಾಗದವರು ಹೋಮಿಯೋಪತಿಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಸವೇಶ್ವರನಗರದಲ್ಲಿ, ಕವಿ ಸಿದ್ಧಯ್ಯ ಪುರಾಣಿಕರ ಹೆಸರಿನ ರಸ್ತೆಯಲ್ಲಿ, ಸರ್ಕಾರಿ ಹೋಮಿಯೋಪತಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಕೆಂಗೇರಿ ಕಡೆ ಹೊರಟರೆ ಮಲ್ಲತ್ತಹಳ್ಳಿಯಲ್ಲಿ ಭಗವಾನ್ ಬುದ್ಧ ಹೋಮಿಯೋಪತಿ ಕಾಲೇಜು. ಇಲ್ಲಿಂದ ಹೊರಬಂದವರು ರಾಜಾಜಿನಗರದಿಂದ ನಾಗರಬಾವಿಯವರೆಗೆ ಬಡಾವಣೆಗೊಬ್ಬರಂತೆ ಬೋರ್ಡು ಹಾಕಿದ್ದಾರೆ. ಅವರು ಓದುವುದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ ಎಲ್ಲವೂ ಪಠ್ಯದಲ್ಲಿದೆ. ರಕ್ತಪರೀಕ್ಷೆಯ ವರದಿ ಓದಬಲ್ಲವರು, ಅಪಾಯ ಗುರುತಿಸಬಲ್ಲವರು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಅವರನ್ನು ದೂರವಿಟ್ಟು ಈ ಊರಿನ ಶುಗರ್, ಬಿಪಿ, ಉಬ್ಬಸವನ್ನು ನಿಭಾಯಿಸಲಾಗದು ಎಂಬುದು ನನ್ನ ನಂಬಿಕೆ.

ಜನ ಅಲ್ಲಿಗೆ ಯಾಕೆ ಹೋಗುತ್ತಾರೆ? ಖರ್ಚು ಕಡಿಮೆ, ಸೈಡ್ ಎಫೆಕ್ಟ್ ಇಲ್ಲ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಮೊದಲ ಭೇಟಿಯಲ್ಲಿದೆ. ಬಾಯಾರಿಕೆ ಹೆಚ್ಚೋ ಕಡಿಮೆಯೋ, ಬೆವರು ಬರುವುದು ಎಲ್ಲಿ, ಚಳಿ ತಡೆಯುತ್ತೀರೋ ಸೆಕೆ ತಡೆಯುತ್ತೀರೋ, ಉಪ್ಪು ಇಷ್ಟವೋ ಸಿಹಿಯೋ, ಯಾವ ಮಗ್ಗುಲಿಗೆ ಮಲಗುತ್ತೀರಿ, ಯಾರಾದರೂ ಸಮಾಧಾನ ಹೇಳಿದರೆ ಅಳು ಬರುತ್ತದೋ ಸಿಟ್ಟು ಬರುತ್ತದೋ. ಮುಕ್ಕಾಲು ಗಂಟೆ, ಒಂದು ಗಂಟೆ ಹೀಗೇ ನಡೆಯುತ್ತದೆ. ಮಂಡಿನೋವೆಂದು ಹೋದವರು ಯಾವ ಕಾಲದ್ದೋ ಸಂಕಟ ಹೇಳಿಕೊಂಡು ಅತ್ತು ಹಗುರಾಗಿ ಬರುತ್ತಾರೆ. ಮನೆಯಲ್ಲೂ ಅವರನ್ನು ಯಾರೂ ಅಷ್ಟು ಹೊತ್ತು ಕೇಳಿಸಿಕೊಂಡಿರುವುದಿಲ್ಲ. 67 ದೇಶಗಳಲ್ಲಿ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಎಷ್ಟು ಸಮಯ ಕೊಡುತ್ತಾರೆಂದು ಹೋಲಿಸಿದ ಅಧ್ಯಯನವೊಂದು 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಬಂತು. ಭಾರತದ ಲೆಕ್ಕ ಎರಡು ನಿಮಿಷದ ಆಸುಪಾಸು. ಜೀವಮಾನವಿಡೀ ಜೊತೆಗಿರುವ ಕಾಯಿಲೆಗೆ ಎರಡು ನಿಮಿಷ!

ಸಾಮ್ಯುಯೆಲ್ ಹಾನಿಮನ್ ಈ ಪದ್ಧತಿ ಕಟ್ಟಿದ ಕಾಲವನ್ನು ನೆನೆದರೆ ಅದರ ಆಕರ್ಷಣೆ ಅರ್ಥವಾಗುತ್ತದೆ. 1755ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಹುಟ್ಟಿದ ಈತ ಓದಿ ಡಾಕ್ಟರಾದಾಗ ಯುರೋಪಿನ ವೈದ್ಯರು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸ ತಿನ್ನಿಸುತ್ತಿದ್ದರು, ಭೇದಿ ಮಾಡಿಸಿ ಸುಸ್ತು ಮಾಡುತ್ತಿದ್ದರು. ಅದಕ್ಕೆ ಹೇಸಿದ ಹಾನಿಮನ್ 1790ರಲ್ಲಿ ಸಿಂಕೋನಾ ತೊಗಟೆಯನ್ನು ತಾನೇ ತಿಂದು ನೋಡಿ, ರೋಗದಂಥದ್ದೇ ಲಕ್ಷಣ ಹುಟ್ಟಿಸುವ ವಸ್ತು ಆ ರೋಗವನ್ನು ಗುಣಪಡಿಸುತ್ತದೆಂಬ ತತ್ತ್ವಕ್ಕೆ ಬಂದ. 1810ರಲ್ಲಿ ‘ಆರ್ಗನಾನ್’ ಬರೆದ. 1828ರಲ್ಲಿ ದೀರ್ಘಕಾಲದ ಕಾಯಿಲೆಗಳ ಬಗ್ಗೆಯೇ ಪ್ರತ್ಯೇಕ ಗ್ರಂಥ ಹೊರತಂದು, ಅವುಗಳಲ್ಲಿ ಬಹುಪಾಲಿಗೆ ಒಳಗೇ ಅಡಗಿದ ಹಳೆಯ ಕಜ್ಜಿಯ ವಿಷ ಕಾರಣವೆಂದ. ಆ ಕಾರಣ ಇಂದು ನಿಲ್ಲುವುದಿಲ್ಲ. ಆದರೆ ಆತನ ರೋಗಿಗಳು ಪಾದರಸದಿಂದ, ರಕ್ತಸ್ರಾವದಿಂದ ಪಾರಾದರು. ಅಷ್ಟೇ ಆ ಕಾಲಕ್ಕೆ ದೊಡ್ಡ ಚಿಕಿತ್ಸೆಯಾಗಿತ್ತು.

ಕರ್ನಾಟಕಕ್ಕೆ ಇದನ್ನು ಬಡವರ ಔಷಧವಾಗಿ ತಂದವರಲ್ಲಿ ಮುಖ್ಯರು ಜರ್ಮನ್ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್. 1878ರ ಕೊನೆಗೆ ಮಂಗಳೂರಿಗೆ ಬಂದ ಅವರು 1880ರಲ್ಲಿ ಕಂಕನಾಡಿಯಲ್ಲಿ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಕೂತರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು, 1902ರಲ್ಲಿ ಪ್ಲೇಗಿನವರಿಗೆ ಆಸ್ಪತ್ರೆ. ಬೇರೆಯವರು ಮುಟ್ಟಲು ಹಿಂಜರಿದವರನ್ನು ಮುಟ್ಟಿ ನೋಡಿಕೊಂಡ ಮನುಷ್ಯ. ಗುಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಮುಲ್ಲರ್ ಹೆಸರು ಬಂದಲ್ಲಿ ತಲೆ ಬಾಗುತ್ತದೆ.

ಈಗ ಗುಳಿಗೆಯ ಮಾತು. ಸಕ್ಕರೆ ಗುಳಿಗೆಗೆ ಹಾಕುವ ದ್ರಾವಣದ ಬಾಟಲಿಯ ಮೇಲೆ ‘30ಸಿ’ ಎಂದಿದ್ದರೆ, ಒಂದು ಪಾಲು ಮೂಲವಸ್ತುವಿಗೆ 99 ಪಾಲು ಮದ್ಯಸಾರವೋ ನೀರೋ ಬೆರೆಸಿ ಕುಲುಕಿ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲು, ಹೀಗೆ ಮೂವತ್ತು ಸಲ ಮಾಡಿದ್ದಾರೆಂದು ಅರ್ಥ. ಒಂದರ ಮುಂದೆ 60 ಸೊನ್ನೆ ಬರೆದಷ್ಟು ಪಟ್ಟು ತೆಳು. ಲೆಕ್ಕದ ಪ್ರಕಾರ 12ಸಿ ದಾಟುವ ಹೊತ್ತಿಗೇ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವಾಗುತ್ತದೆ. ಹಾನಿಮನ್‌ಗೆ ಈ ಲೆಕ್ಕ ಸಿಗುವ ದಾರಿ ಇರಲಿಲ್ಲ. ಅಣುಗಳ ಎಣಿಕೆಯ ಮೊದಲ ಅಂದಾಜು ಬಂದದ್ದು 1865ರಲ್ಲಿ, ಆತ ತೀರಿಕೊಂಡು 22 ವರ್ಷದ ಮೇಲೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಬಹುದಾದ ಪುರಾವೆ ಯಾವ ಕಾಯಿಲೆಯಲ್ಲೂ ಇಲ್ಲವೆಂದು 2015ರಲ್ಲಿ ಹೇಳಿತು. ಫ್ರಾನ್ಸ್ 2021ರಿಂದ ಸರ್ಕಾರಿ ವಿಮೆಯಲ್ಲಿ ಇದರ ಹಣ ಕೊಡುವುದನ್ನು ನಿಲ್ಲಿಸಿತು. ನಾನು ಈ ತೀರ್ಮಾನಗಳನ್ನು ಒಪ್ಪುತ್ತೇನೆ.

ಹಾಗಾದರೆ ‘ನನಗೆ ಕಡಿಮೆಯಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೆ? ಖಂಡಿತ ಇಲ್ಲ. ಸೌತಾಂಪ್ಟನ್‌ನ ಸಂಶೋಧಕರು ಸಂಧಿವಾತದ 83 ರೋಗಿಗಳ ಮೇಲೆ ಮಾಡಿದ ಪರೀಕ್ಷೆಯೊಂದರ ಫಲ 2011ರಲ್ಲಿ ‘ರುಮಟಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರೂ ತಮ್ಮ ಮಾಮೂಲಿ ಮಾತ್ರೆ ಮುಂದುವರಿಸಿದ್ದರು. ಕೆಲವರಿಗೆ ಹೋಮಿಯೋಪತಿಯ ದೀರ್ಘ ಸಮಾಲೋಚನೆ ಸಿಕ್ಕಿತು, ಕೆಲವರಿಗೆ ಇಲ್ಲ. ಕೆಲವರ ಗುಳಿಗೆಯಲ್ಲಿ ಔಷಧವಿತ್ತು, ಕೆಲವರದ್ದು ಬರೀ ಸಕ್ಕರೆ. ಸಮಾಲೋಚನೆ ಸಿಕ್ಕವರಿಗೆ ನೋವು ಕಡಿಮೆಯಾಗಿತ್ತು, ಗುಳಿಗೆ ಅಸಲಿಯೋ ನಕಲಿಯೋ ಎಂಬುದರಿಂದ ವ್ಯತ್ಯಾಸ ಆಗಲಿಲ್ಲ. ಅಮೆರಿಕದಲ್ಲಿ ಟೆಡ್ ಕ್ಯಾಪ್‌ಚುಕ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕರುಳಿನ ಕಿರಿಕಿರಿಯ 262 ರೋಗಿಗಳಿದ್ದರು. ಕಾಯುವ ಪಟ್ಟಿಯಲ್ಲಿ ಕೂರಿಸಿದವರಲ್ಲಿ ಶೇ 28 ಮಂದಿಗೆ ಸಾಕಷ್ಟು ಆರಾಮವಾಯಿತು. ಮಾತಿಲ್ಲದೆ ಹುಸಿ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ 44. ಅದೇ ಹುಸಿ ಚಿಕಿತ್ಸೆಯನ್ನು ಆತ್ಮೀಯವಾಗಿ ಮಾತಾಡಿಸುತ್ತ ಕೊಟ್ಟಾಗ ಶೇ 62. ಆಸ್ಪತ್ರೆಗಳ ಹೊರರೋಗಿ ವಿಭಾಗ ನಡೆಸುವವರೆಲ್ಲ ಈ ಮೂರು ಅಂಕಿಗಳನ್ನು ಗಂಭೀರವಾಗಿ ನೋಡಬೇಕು.

ಕಾಯಿಲೆಯ ಏರಿಳಿತವೂ ಲೆಕ್ಕಕ್ಕೆ ಬರಬೇಕು. ಬೆಂಗಳೂರಿನ ಉಬ್ಬಸವನ್ನೇ ತೆಗೆದುಕೊಳ್ಳಿ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದ ಪ್ರಕಾರ ಇಲ್ಲಿನ ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಖಾಲಿ ಸೈಟಿನ ಕಾಂಗ್ರೆಸ್ ಗಿಡ, ಮೈಸೂರು ರಸ್ತೆಯ ಹೊಗೆ, ಮಾಗಡಿ ರಸ್ತೆಯ ದೂಳು ನಡುವೆ ಬೆಳೆಯುವ ಮಗುವಿಗೆ ಚಳಿ ಶುರುವಾಗುತ್ತಿದ್ದಂತೆ ಎದೆ ಕಟ್ಟುತ್ತದೆ. ರಾತ್ರಿಯಿಡೀ ಕೂತು ಉಸಿರಾಡಿಸುವ ಸ್ಥಿತಿ ಬಂದಾಗ ತಂದೆ ತಾಯಿ ಹೊಸ ಡಾಕ್ಟರನ್ನು ಹುಡುಕುತ್ತಾರೆ. ಸಂಕ್ರಾಂತಿ ಕಳೆದು ಬಿಸಿಲು ಏರುತ್ತದೆ, ಎದೆ ಸಡಿಲವಾಗುತ್ತದೆ. ನಡುವೆ ಕೊಟ್ಟ ಔಷಧಕ್ಕೆ ಹೆಸರು ಬರುತ್ತದೆ. ಕಾಯಿಲೆ ತುದಿಗೇರಿದಾಗಲೇ ನಾವು ಔಷಧ ಬದಲಿಸುವುದರಿಂದ, ಅದರ ನಂತರದ ಇಳಿತವೆಲ್ಲ ಹೊಸ ಔಷಧದ ಖಾತೆಗೆ ಜಮೆಯಾಗುತ್ತದೆ. ಮರುವರ್ಷ ಮತ್ತೆ ಚಳಿ ಬರುವಷ್ಟರಲ್ಲಿ ಇನ್‌ಹೇಲರ್ ಬಿಟ್ಟಿದ್ದರೆ ಅಪಾಯ ಅಲ್ಲಿದೆ. ‘ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತೆ’ ಎಂಬ ಮಾತು ಈ ಊರಿನಲ್ಲಿ ಮಾಡಿರುವ ಹಾನಿ ಸಣ್ಣದಲ್ಲ. ಶ್ವಾಸನಾಳದ ಒಳಗಿನ ಊತವನ್ನು ದಿನದಿನವೂ ತಗ್ಗಿಸಿಡುವುದು ಅದರೊಳಗಿನ ಚೂರೇ ಚೂರು ಸ್ಟೀರಾಯ್ಡು. ಅದನ್ನು ಬಿಟ್ಟ ಮಗು ಒಂದು ರಾತ್ರಿ ಆಸ್ಪತ್ರೆ ಮುಟ್ಟುವುದು ತಡವಾದರೆ ಜೀವಕ್ಕೇ ಕುತ್ತು.

ಗಿಡಮೂಲಿಕೆಯ ಕಥೆ ಪೂರ್ತಿ ಬೇರೆ. ಹೋಮಿಯೋಪತಿ ಗುಳಿಗೆಯಲ್ಲಿ ಏನೂ ಉಳಿದಿಲ್ಲ ಎಂಬುದು ತಕರಾರು. ಬೇರು, ತೊಗಟೆ, ಎಲೆಗಳಲ್ಲಿ ಇರುವುದು ನಿಜವಾದ ರಾಸಾಯನಿಕಗಳು, ಕೆಲವು ಬಲವಾದವು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ದಾಖಲೆ ಸಮೇತ ಬರೆದರು. ಮೂರು ವರ್ಷದಲ್ಲಿ ಅದರ ಸತ್ತ್ವ ರೆಸರ್ಪಿನ್ ಬೇರ್ಪಟ್ಟು ಜಗತ್ತಿನ ಬಿಪಿ ಮಾತ್ರೆಯಾಯಿತು. ಇವತ್ತು ಕೋಟ್ಯಂತರ ಜನ ನುಂಗುವ ಮೆಟ್‌ಫಾರ್ಮಿನ್‌ಗೂ ಗಿಡದ ಮೂಲವಿದೆ: ಯುರೋಪಿನ ಹಳ್ಳಿಗಳಲ್ಲಿ ಬಳಸುತ್ತಿದ್ದ ಗಲೀಗಾ ಎಂಬ ಗಿಡದ ಸತ್ತ್ವವನ್ನು ಬೆನ್ನುಹತ್ತಿ ರಸಾಯನಶಾಸ್ತ್ರಜ್ಞರು ಮುಟ್ಟಿದ್ದು ಅಲ್ಲಿಗೆ. 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಅದನ್ನು ಶುಗರಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ‘ಇಂಗ್ಲಿಷ್ ಮಾತ್ರೆ’ ಬೇಡವೆಂದು ಮೆಟ್‌ಫಾರ್ಮಿನ್ ಬಿಟ್ಟು ಹೆಸರಿಲ್ಲದ ಗಿಡದ ಪುಡಿ ತಿನ್ನುವವರು, ಅಳೆದು ತೂಗಿ ಪರೀಕ್ಷೆಗೊಳಗಾದ ಗಿಡಮೂಲದ ಮದ್ದನ್ನು ಬಿಟ್ಟು ಅಳತೆಯಿಲ್ಲದ್ದನ್ನು ಹಿಡಿಯುತ್ತಿದ್ದಾರೆ.

ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದಂತಾಗುತ್ತದೆ. ಅದರ ಆಮ್ಲಗಳು ನಾಲಿಗೆಯ ಸಿಹಿ ಗ್ರಹಿಕೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತವೆ. ನೋಡಿದವರಿಗೆ ಬೆರಗು, ಹೊಟ್ಟೆಗೆ ಹೋದ ಸಕ್ಕರೆಯಂತೂ ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಹಾಗಲಕಾಯಿ ರಸ, ಮೆಂತ್ಯ ಸಕ್ಕರೆಯಂಶವನ್ನು ಸ್ವಲ್ಪ ಇಳಿಸಬಹುದು. ಗ್ಲಿಮಿಪಿರೈಡ್‌ನಂಥ ಮಾತ್ರೆಯ ಮೇಲೆ ಅವನ್ನೂ ಕುಡಿದು, ತಿಂಡಿ ತಡಮಾಡಿದ ವಯಸ್ಸಾದವರು ‘ಲೋ ಶುಗರ್’ ಆಗಿ ಬಚ್ಚಲಲ್ಲಿ ಬೀಳಬಹುದು. ಪಾರ್ಕುಗಳ ಬಾಗಿಲಲ್ಲಿ ಬೆಳಿಗ್ಗೆ ಗಾಡಿಯ ಮೇಲೆ ಮಾರುವ ಸೋರೆಕಾಯಿ ರಸ ಕಹಿ ಅನ್ನಿಸಿದರೆ ತಕ್ಷಣ ಉಗಿಯಬೇಕು. ಕಹಿ ಸೋರೆಯಲ್ಲಿರುವ ವಿಷ ಹೊಟ್ಟೆಯಲ್ಲಿ ರಕ್ತ ಕಾರಿಸಬಲ್ಲದು. ಸಾವುಗಳಾದ ಮೇಲೆ ಐಸಿಎಂಆರ್‌ನ ತಜ್ಞರ ಸಮಿತಿಯೂ ಇದೇ ಎಚ್ಚರಿಕೆ ಕೊಟ್ಟಿತು. ಅಮೃತಬಳ್ಳಿಯ ವಿಷಯ ಇನ್ನೂ ಸೂಕ್ಷ್ಮ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟು ಬಿದ್ದವರ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮರುವರ್ಷ ದೇಶದ 13 ಕೇಂದ್ರಗಳ 43 ರೋಗಿಗಳ ವಿವರ ಬಂತು. ಕುಡಿದವರೆಲ್ಲರಿಗೂ ಹೀಗಾಗುವುದಿಲ್ಲ. ಆಗುವವರಲ್ಲಿ ಕಾಮಾಲೆಗೆ ಕಾರಣ ತಿಳಿಯಬೇಕಾದರೆ ಕಷಾಯದ ಸಂಗತಿ ಡಾಕ್ಟರ ಕಿವಿಗೆ ಬಿದ್ದಿರಬೇಕು. ಹಾವಿನ ಮದ್ದೆಂದು ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬೇರಿನ ಕುಲದ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಸುಟ್ಟುಹಾಕುತ್ತದೆ ಎಂಬುದಂತೂ 1993ರಲ್ಲಿ ಬೆಲ್ಜಿಯಂನ ತೂಕ ಇಳಿಸುವ ಪುಡಿಗಳ ಪ್ರಕರಣದಿಂದ ಜಗತ್ತಿಗೇ ಗೊತ್ತಾಗಿದೆ.

ಇನ್ನೊಂದು ಬಗೆಯ ಪುಡಿಯಿದೆ: ಹೆಸರಿಲ್ಲ, ಲೇಬಲ್ ಇಲ್ಲ, ಪೊಟ್ಟಣ ಕಟ್ಟಿ ಕೊಡುವಂಥದ್ದು. ಮೂರೇ ದಿನದಲ್ಲಿ ಮಂಡಿನೋವು ಮಾಯವಾದರೆ ಸಂತೋಷಪಡುವ ಮೊದಲು ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಮುಖ ದುಂಡಗೆ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಹೆದರಿ ಒಂದೇ ಸಲಕ್ಕೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ. ಇದನ್ನೂ ಹೇಳದೆ ಮುಚ್ಚಿಡುವವರಿದ್ದಾರೆ.

ಪ್ರಕೃತಿ ಚಿಕಿತ್ಸೆ, ಯೋಗದ ಕಡೆ ತಿರುಗಿದರೆ ನನಗೆ ಹೆಚ್ಚು ಭರವಸೆ ಕಾಣುತ್ತದೆ. ತುಮಕೂರು ರಸ್ತೆಯ ಜಿಂದಾಲ್ ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ 2015ರಲ್ಲಿ ಆಗಿನ ದೆಹಲಿ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಕೆಮ್ಮು, ಶುಗರ್ ಹೊತ್ತು ಬಂದಾಗ ಅದು ದೇಶವಿಡೀ ಸುದ್ದಿಯಾಗಿತ್ತು. ಉಜಿರೆಯಲ್ಲಿ 1989ರಿಂದ ಈ ಪದ್ಧತಿಯ ಪದವಿ ಶಿಕ್ಷಣವೇ ಇದೆ. ದುಬಾರಿ ಕೇಂದ್ರಗಳಿಗೆ ಹೋಗಲಾಗದವರಿಗೆ ರಾಜಾಜಿನಗರ, ವಿಜಯನಗರದ ಪಾರ್ಕುಗಳಲ್ಲಿ ಬೆಳಗಿನ ಜಾವ ಚಾಪೆ ಹಾಸಿ ಕೂರುವ ಉಚಿತ ಯೋಗ ತರಗತಿಗಳಿವೆ. ಯೋಗ ಫಲ ಕೊಡುತ್ತದೆಂಬುದಕ್ಕೆ ನಮ್ಮ ಊರಿನದೇ ಪುರಾವೆಯಿದೆ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ 1985ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಆಸ್ತಮಾ ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಎರಡು ವಾರ ಯೋಗ ಕಲಿತು ದಿನಾ 65 ನಿಮಿಷ ಮಾಡಿದ 53 ಮಂದಿಯನ್ನು, ಅಷ್ಟೇ ಕಾಯಿಲೆಯಿದ್ದು ಯೋಗ ಮಾಡದ 53 ಮಂದಿಯ ಜೊತೆ ಹೋಲಿಸಿದರು. ಯೋಗ ಮಾಡಿದವರಲ್ಲಿ ಉಬ್ಬಸದ ದಾಳಿ ಕಡಿಮೆಯಾಗಿತ್ತು, ಔಷಧದ ಬಳಕೆಯೂ ಇಳಿದಿತ್ತು.

ಊಟದ ವಿಷಯದಲ್ಲಿ ಪ್ರಕೃತಿ ಚಿಕಿತ್ಸೆಯವರು ಹಿಂದಿನಿಂದ ಹೇಳುತ್ತ ಬಂದದ್ದಕ್ಕೆ ಆಧುನಿಕ ವೈದ್ಯವೂ ಈಗ ಹತ್ತಿರ ಬಂದಿದೆ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಪರೀಕ್ಷೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಆಹಾರ ಬಿಗಿಮಾಡಿ ತೂಕ ಇಳಿಸಿದವರಲ್ಲಿ ಶೇ 46 ಮಂದಿಯ ಟೈಪ್ 2 ಶುಗರ್ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಹತೋಟಿಗೆ ಬಂದಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 4 ಮಾತ್ರ. ಐಸಿಎಂಆರ್ ಮುಂದಾಳತ್ವದ ಸಮೀಕ್ಷೆ 2023ರಲ್ಲಿ ಭಾರತದಲ್ಲಿ ಶುಗರ್ ಇರುವವರು 10.1 ಕೋಟಿ ಎಂದು ಅಂದಾಜು ಮಾಡಿದೆ. ಅಂಥ ದೇಶದಲ್ಲಿ ಮೂರು ಹೊತ್ತಿನ ಅನ್ನ, ಬೇಕರಿಯ ಬನ್ನು, ಸಕ್ಕರೆ ಕಾಫಿಯನ್ನು ಪ್ರಶ್ನಿಸುವ ಯಾವ ವೈದ್ಯರನ್ನಾದರೂ ನಾನು ಸ್ವಾಗತಿಸುತ್ತೇನೆ. ಆದರೆ ಈ ಶೇ 46ರ ಲೆಕ್ಕ ಟೈಪ್ 1 ಶುಗರಿನ ಮಗುವಿಗೆ ಅನ್ವಯಿಸುವುದಿಲ್ಲ. ಅದರ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಮಗು ಸಾಯುತ್ತದೆ. ಥೈರಾಕ್ಸಿನ್, ಮೂರ್ಛೆರೋಗದ ಮಾತ್ರೆ, ಸ್ಟೆಂಟ್ ಹಾಕಿಸಿಕೊಂಡವರ ರಕ್ತ ತೆಳುಮಾಡುವ ಮಾತ್ರೆ, ಇವನ್ನೂ ಯಾರ ಮಾತು ಕೇಳಿಯೂ ತಾವಾಗಿ ಬಿಡಬಾರದು. ಗುಳಿಗೆ ಶುರುವಾದ ಮೇಲೆ ಕಾಯಿಲೆ ಉಲ್ಬಣಿಸಿದರೆ ‘ಒಳಗಿನ ರೋಗ ಹೊರಗೆ ಬರ್ತಿದೆ, ಹೆದರಬೇಡಿ’ ಎಂಬ ಸಮಾಧಾನವನ್ನೂ ಒಪ್ಪಿಕೊಳ್ಳಬೇಡಿ. ಎದೆ ಕಟ್ಟಿದರೆ, ಕಾಲಿನ ಗಾಯ ಕಪ್ಪಾದರೆ, ಕಣ್ಣು ಮಂಜಾದರೆ ಅದು ಕಾಯಿಲೆ ಬೆಳೆಯುತ್ತಿರುವ ಸೂಚನೆ.

ಕಾನೂನು ಸ್ಪಷ್ಟವಾಗಿಯೇ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಶುಗರ್, ರಕ್ತದೊತ್ತಡ, ಮೂರ್ಛೆರೋಗ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ ಅಪರಾಧ, ಅದು ಯಾವ ಪದ್ಧತಿಯಾದರೂ ಸರಿ. ಹೋಮಿಯೋಪತಿ ಓದಿದವರು ಅಲೋಪತಿ ಮದ್ದು ಕೊಟ್ಟರೆ ಅದು ನಿರ್ಲಕ್ಷ್ಯವೆಂದು ಪೂನಂ ವರ್ಮಾ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 2024ರಲ್ಲಿ ಅದೇ ನ್ಯಾಯಾಲಯದ ಒತ್ತಡಕ್ಕೆ ಪತಂಜಲಿ ಸಂಸ್ಥೆ ತನ್ನ ಜಾಹೀರಾತುಗಳಿಗಾಗಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚುಹಾಕಿಸಬೇಕಾಯಿತು. ಆದರೂ ‘ಶುಗರ್ ಬುಡಸಮೇತ ಮಾಯ’ ಎಂಬ ಭರವಸೆ ನಿಂತಿಲ್ಲ, ಕಾಯ್ದೆಯನ್ನು ಬೀದಿಯಲ್ಲಿ ಜಾರಿ ಮಾಡುವವರು ಕಾಣುವುದಿಲ್ಲ.

ಆದ್ದರಿಂದ ಮುಚ್ಚಿಡುವಿಕೆಯ ಮಾತಿಗೇ ಬರುತ್ತೇನೆ. ಸಾಗರ ತಾಲ್ಲೂಕಿನ ನರಸೀಪುರದ ನಾಟಿ ವೈದ್ಯ ನಾರಾಯಣಮೂರ್ತಿ 2020ರಲ್ಲಿ ತೀರಿಕೊಳ್ಳುವವರೆಗೂ ಗುರುವಾರ, ಭಾನುವಾರ ಅವರ ಮನೆಯ ಮುಂದೆ ದೊಡ್ಡ ಸಾಲು ನಿಲ್ಲುತ್ತಿತ್ತು. ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋದವರಲ್ಲಿ ಕ್ಯಾನ್ಸರ್ ರೋಗಿಗಳೂ ಇದ್ದರು. ತಾವು ತಂದ ತೊಗಟೆಯ ಸುದ್ದಿಯನ್ನು ತಮ್ಮ ಕೀಮೋಥೆರಪಿ ಡಾಕ್ಟರಿಗೆ ಹೇಳಿದವರು ಎಷ್ಟು ಮಂದಿ ಇದ್ದಾರು? ಹೇಳದಿದ್ದರೆ ತಪ್ಪು ಅವರೊಬ್ಬರದ್ದೇ ಅಲ್ಲ. ‘ಅದೆಲ್ಲ ಬಿಟ್ಟು ಬನ್ನಿ, ಆಮೇಲೆ ನೋಡ್ತೀನಿ’ ಎಂದು ಫೈಲು ಎಸೆಯುವ ಡಾಕ್ಟರ ಮುಂದೆ ಯಾರೂ ಎರಡನೇ ಸಲ ನಿಜ ಹೇಳುವುದಿಲ್ಲ.

ಮಂಗಳೂರಿನಲ್ಲಿ ಮುಲ್ಲರ್ ಹೆಸರಿನ ಸಂಸ್ಥೆ ಇಂದು ಅಲೋಪತಿಯ ವೈದ್ಯಕೀಯ ಕಾಲೇಜನ್ನೂ ಹೋಮಿಯೋಪತಿ ಕಾಲೇಜನ್ನೂ ಒಟ್ಟಿಗೆ ನಡೆಸುತ್ತಿದೆ. ನಮ್ಮಲ್ಲಿ ಬಸವೇಶ್ವರನಗರದ ಹೋಮಿಯೋಪತಿ ಕಾಲೇಜೂ ಸರ್ಕಾರದ್ದೇ, ಸುತ್ತಲಿನ ವಾರ್ಡುಗಳ ‘ನಮ್ಮ ಕ್ಲಿನಿಕ್’ಗಳೂ ಸರ್ಕಾರದವೇ. ಎರಡೂ ಕಡೆ ನಡೆಯುವ ಒಂದೇ ಪುಸ್ತಕವನ್ನು ರೋಗಿಯ ಕೈಗೆ ಕೊಡಲು ಏನು ಅಡ್ಡಿ? ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಎಚ್‌ಬಿಎ1ಸಿ, ಬಿಪಿ, ಕ್ರಿಯಾಟಿನಿನ್ ಅಂಕಿಗಳು ಅದರಲ್ಲಿರಲಿ. ಪಕ್ಕದ ಪುಟದಲ್ಲಿ ಕಷಾಯ, ಪುಡಿ, ಗುಳಿಗೆ ಬರೆಯಲು ಖಾಲಿ ಗೆರೆಗಳಿರಲಿ, ಡಾಕ್ಟರು ಕೇಳುವ ಮೊದಲೇ ನರ್ಸಕ್ಕ ಬಯ್ಯದೆ ತುಂಬಿಸಿಕೊಳ್ಳಲಿ. ಅಂಕಿ ಏರಿದ್ದು ಕಂಡ ಹೋಮಿಯೋಪತಿ ಡಾಕ್ಟರು ರೋಗಿಯನ್ನು ಅದೇ ದಿನ ‘ನಮ್ಮ ಕ್ಲಿನಿಕ್’ಗೆ ಕಳಿಸಲಿ. ಮನೆಯ ಚಿಂತೆಯಿಂದ ನಿದ್ದೆಗೆಟ್ಟವರು ಕಂಡರೆ ಕ್ಲಿನಿಕ್ಕಿನ ಡಾಕ್ಟರು, ಮಾತ್ರೆ ನಿಲ್ಲಿಸಕೂಡದೆಂದು ಅದೇ ಪುಸ್ತಕದಲ್ಲಿ ಬರೆದು, ಕೂತು ಕೇಳುವ ವ್ಯವಧಾನವಿರುವ ಕಡೆಗೆ ಕಳಿಸಲಿ.